ಹೊಳೆಗೆ ಇಳಿಯದೆ ವಾಪಸು ಬಂದ ಕಥೆ



ಕಳೆದ ಆಗಸ್ಟಿನ ಒಂದು ಶನಿವಾರ ನಮ್ಮ ಯುವ ಸಂಘದ 22 ಮಂದಿ ಬೆಳಗ್ಗೆ ನಾಲ್ಕೂವರೆಗೆ ಚರ್ಚಿನ ಅಂಗಳದಿಂದ ಬಸ್ಸು ಹತ್ತಿದೆವು. ತಲಪಾಡಿ, ಮಂಗಳೂರು, ಉಡುಪಿ, ಪೆರ್ಡೂರು ದಾಟಿ ಹೆಬ್ರಿಯ ಕಡೆಗೆ. ಸೀತಾನದಿಯಲ್ಲಿ ರಾಫ್ಟಿಂಗ್ ಮಾಡಲಿಕ್ಕೆ ಹೊರಟದ್ದು. ಎಂಟೂವರೆಗೆ ಹೊಳೆಯ ಹತ್ತಿರ ತಲುಪಿದೆವು. ಒಂಬತ್ತೂವರೆಗೆ ಅಲ್ಲಿಂದ ಹೊರಟೇಬಿಟ್ಟೆವು. ಮಳೆಯ ನೀರು ಬಿಟ್ಟರೆ ಬೇರೆ ನೀರು ಮೈಗೆ ಸೋಕಲಿಲ್ಲ.

ಮರುದಿನ ಪೂಜೆ ಬಿಟ್ಟ ಮೇಲೆ ಅಂಗಳದಲ್ಲಿ ಎಲ್ಲರದ್ದೂ ಅದೇ ಪ್ರಶ್ನೆ. "ಹೋದವರು ಇಳಿಯದೆ ಬಂದಿರಂತೆ, ಹೌದಾ?" "ಬಸ್ಸಿನ ಬಾಡಿಗೆ ಹೋಯ್ತಲ್ಲ ಮಕ್ಕಳೇ?" ಕೇಳುವ ಹಕ್ಕು ನಿಮಗಿದೆ. ಆ ಬಾಡಿಗೆಯ ಅರ್ಧದಷ್ಟು ನಾವು ಎರಡು ಭಾನುವಾರ ಪತ್ರೊಡೆ ಮಾರಿ ಕೂಡಿಸಿದ ಹಣ. ಕೊಂಡವರು ನೀವು. ಒಬ್ಬರು ಗುರ್ಕಾರರು ಕೇಳಿದ ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ: "ಹಿಂದೆ ಎರಡು ಸಲ ಇಳಿದ ಹೊಳೆಯೇ ಅಲ್ವಾ ಅದು? ಈ ಸಲ ಏನಾಯ್ತು?"

ಅಂದು ಮಳೆ ಜೋರಿತ್ತು ಎಂದಷ್ಟೇ ಹೇಳಿ ಜಾರಿಕೊಂಡೆವು. ಪೂರ್ತಿ ಉತ್ತರ ಕೊಡಬೇಕಾದರೆ ಮೂರು ಸಲದ ಕಥೆಯನ್ನೂ ಹೇಳಬೇಕು. ನಡುವಿನ ಕಥೆಯಲ್ಲಿ ನಾವು ನಿಮ್ಮಿಂದ ಮುಚ್ಚಿಟ್ಟದ್ದೂ ಒಂದಿದೆ.

ಮೊದಲ ಸಲ: ಹದದ ನೀರು

ಸೀತೆ ಹುಟ್ಟುವುದು ಆಗುಂಬೆಯ ಸುತ್ತಲಿನ ಘಟ್ಟದಲ್ಲಿ. ಬರ್ಕಣ ಜಲಪಾತ, ಕೂಡ್ಲು ತೀರ್ಥ ಎಲ್ಲ ಅವಳದ್ದೇ. ಘಟ್ಟ ಇಳಿದು ಹೆಬ್ರಿ, ಬಾರ್ಕೂರು ಕಡೆಯಿಂದ ಹರಿದು, ಸ್ವರ್ಣೆಯ ಜೊತೆ ಕೋಡಿ ಬೆಂಗ್ರೆಯ ಹತ್ತಿರ ಸಮುದ್ರ ಸೇರುತ್ತಾಳೆ. ರಾಫ್ಟಿಂಗ್ ನಡೆಯುವುದು ಹೆಬ್ರಿಯ ಆಸುಪಾಸಿನಲ್ಲಿ, ಮಳೆಗಾಲದ ನಾಲ್ಕು ತಿಂಗಳು ಮಾತ್ರ. ದಾಂಡೇಲಿಯ ಕಾಳಿ ನದಿಯಲ್ಲಾದರೆ ಮೇಲೆ ಸೂಪಾ ಅಣೆಕಟ್ಟು ಇದೆ. ವಿದ್ಯುತ್ತಿಗಾಗಿ ನೀರು ಬಿಟ್ಟ ಹಾಗೆ ಹೊಳೆ ಏರುತ್ತದೆ, ಇಳಿಯುತ್ತದೆ. ಸೀತೆಗೆ ಅಂಥ ಬಾಗಿಲು ಇಲ್ಲ. ಘಟ್ಟದಲ್ಲಿ ಎಷ್ಟು ಮಳೆಯೋ ಹೊಳೆಯಲ್ಲಿ ಅಷ್ಟು ನೀರು. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ 7,000 ದಾಟುತ್ತದೆ.

ರಭಸದ ನೀರನ್ನು ಒಂದರಿಂದ ಆರರವರೆಗೆ ದರ್ಜೆ ಮಾಡುತ್ತಾರೆ. ಒಂದು ಎಂದರೆ ಸಣ್ಣ ತೆರೆ, ಆರು ಎಂದರೆ ಜೀವದ ಆಸೆ ಬಿಡಬೇಕಾದ ಜಾಗ. ಸೀತೆಯ ಈ ಭಾಗ ಸಾಮಾನ್ಯವಾಗಿ ಎರಡು, ಮೂರು. ಹಾಗಾಗಿ ಹೊಸಬರಿಗೆ ಆಗುವ ಹೊಳೆ ಎನ್ನುತ್ತಾರೆ.

ಮೂರು ವರ್ಷದ ಹಿಂದೆ ಜುಲೈಯಲ್ಲಿ ನಾವು ಮೊದಲು ಹೋದಾಗ ಎರಡು ದಿನ ಮಳೆ ಹೊಯ್ದು ಬಿಟ್ಟಿತ್ತು. ಗೈಡ್ ಅಣ್ಣ ಹೊಳೆ ನೋಡಿ "ಇವತ್ತು ಹದ ಉಂಟು" ಅಂದರು. ದೋಸೆ ಹಿಟ್ಟಿಗೆ ಹೇಳುವ ಮಾತನ್ನು ಹೊಳೆಗೆ ಹೇಳುವುದು ಕೇಳಿ ನಮಗೆ ನಗು ಬಂತು.

ಅರ್ಧ ಗಂಟೆ ದಡದಲ್ಲೇ ಪಾಠ. ಲೈಫ್ ಜಾಕೆಟಿನ ಪಟ್ಟಿ ಎಷ್ಟು ಬಿಗಿ ಇರಬೇಕೆಂದರೆ, ಹೆಗಲಲ್ಲಿ ಹಿಡಿದು ಎತ್ತಿದರೆ ಜಾಕೆಟಿನ ಜೊತೆ ಮನುಷ್ಯನೂ ಏಳಬೇಕು. ಹುಟ್ಟಿನ ಮೇಲಿನ ಅಡ್ಡ ಹಿಡಿಯಿಂದ ಕೈ ಬಿಡಬಾರದು. ಬಿಟ್ಟರೆ ಅದು ಪಕ್ಕದವರ ಹಲ್ಲಿಗೆ ಬಡಿಯುತ್ತದೆ. ನೀರಿಗೆ ಬಿದ್ದರೆ ಮೊದಲು ದೋಣಿಯ ಸುತ್ತ ಕಟ್ಟಿದ ಹಗ್ಗ ಹಿಡಿಯಬೇಕು. ಅದು ಕೈಗೆ ಸಿಗದಿದ್ದರೆ ಅಂಗಾತ ಮಲಗಿ, ಕಾಲು ಮುಂದೆ ಮಾಡಿ, ಪಾದ ನೀರಿನ ಮೇಲೆ ಕಾಣುವ ಹಾಗೆ ತೇಲಬೇಕು. "ಮತ್ತೊಂದು ಮಾತು, ಎಲ್ಲಕ್ಕಿಂತ ದೊಡ್ಡದು" ಅಂದರು. "ಹರಿಯುವ ನೀರಿನಲ್ಲಿ ಎದ್ದು ನಿಲ್ಲಬೇಡಿ. ಮೊಣಕಾಲಿಗಿಂತ ಕಡಿಮೆ ನೀರಿಗೆ ಬರುವ ತನಕ ನಿಲ್ಲಲೇಬೇಡಿ." ನಾವು ತಲೆ ಆಡಿಸಿದೆವು. ಕೇಳಿದೆವು, ಮನಸ್ಸಿಗೆ ಇಳಿಯಲಿಲ್ಲ.

ಅವತ್ತು ಹೊಳೆ ತಾನೇ ದಾರಿ ತೋರಿಸಿತು. ದೊಡ್ಡ ಬಂಡೆಗಳೆಲ್ಲ ಮುಳುಗಿದ್ದವು, ನಡುವೆ ನಯವಾದ ನೀರಿನ ನಾಲಿಗೆ ಕಾಣುತ್ತಿತ್ತು. ನೀರಿನ ಮೇಲೆ ಮೂಡುವ ಗೆರೆಗಳ ತುದಿ ಹರಿವಿನ ಕಡೆಗೆ ಚೂಪಾಗಿದ್ದರೆ ಅದು ದಾರಿ. ತುದಿ ನಮ್ಮ ಕಡೆಗೇ ಚೂಪಾಗಿದ್ದರೆ ಅಡಿಯಲ್ಲಿ ಕಲ್ಲು ಇದೆ ಎಂದು ಅರ್ಥ. ಪ್ರತಿ ರಭಸದ ನಂತರ ಬಂಡೆಯ ಹಿಂದೆ ಮಂದ ನೀರು ಸಿಗುತ್ತಿತ್ತು, ಅಲ್ಲಿ ದೋಣಿ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದೆವು. ಇಬ್ಬರು ಬಿದ್ದರು. ಕಲಿಸಿದ ಹಾಗೆ ತೇಲಿದರು, ಎಸೆದ ಹಗ್ಗ ಹಿಡಿದು ಹತ್ತಿದರು. ಊರಿಗೆ ಬಂದು ನಾವು ಹೇಳಿದ ಕಥೆಗಳು ಆ ಹೊಳೆಗಿಂತ ದೊಡ್ಡವು.

ಎರಡನೇ ಸಲ: ಕಡಿಮೆ ನೀರು

ಮರುವರ್ಷ ಪರೀಕ್ಷೆಗಳ ಗಡಿಬಿಡಿಯಲ್ಲಿ ಸೆಪ್ಟೆಂಬರ್ ಕೊನೆಗೆ ಹೋದೆವು. ಮಳೆ ಬಿಟ್ಟು ವಾರ ಕಳೆದಿತ್ತು. ಹೊಳೆ ತಿಳಿಯಾಗಿ, ಅಡಿಯ ಕಲ್ಲು ಕಾಣುವಷ್ಟು ಇಳಿದಿತ್ತು. ನಮಗೆ ನಿರಾಸೆ. "ಇದರಲ್ಲಿ ಏನು ಮಜಾ? ನಮ್ಮ ಶಿರಿಯಾ ಹೊಳೆಯಷ್ಟೂ ಇಲ್ಲ" ಎಂದು ಒಬ್ಬ ಹೇಳಿದ. ಕೆಲವರು ಹೆಲ್ಮೆಟ್ಟಿನ ಪಟ್ಟಿ ಸಡಿಲ ಬಿಟ್ಟರು. ದಡದ ಪಾಠ ನಡೆಯುವಾಗ ನಾವು ಹಿಂದೆ ನಿಂತು ಫೋಟೋ ತೆಗೆಯುತ್ತಿದ್ದೆವು. ನಾವು ಎಂದರೆ ಮುಂದೆ ನಿಂತು ಕೇಳಬೇಕಾದ ನಾಲ್ಕು ಮಂದಿ ಮುಂದಾಳುಗಳು.

ನೀರು ಕಡಿಮೆಯಾದಾಗ ಹೊಳೆಯ ಕೆಲಸ ಹೆಚ್ಚು ಎಂದು ಅವತ್ತು ಗೊತ್ತಾಯಿತು. ಕಳೆದ ವರ್ಷ ನೇರ ಹೋದ ಕಡೆ ಈಗ ಹತ್ತು ಕಡೆ ತಿರುಗಿಸಬೇಕು. ದೋಣಿ ಪದೇ ಪದೇ ಕಲ್ಲಿಗೆ ಕೂತುಕೊಳ್ಳುತ್ತಿತ್ತು. ಕಲ್ಲಿಗೆ ಅಡ್ಡ ಸಿಕ್ಕಿಕೊಂಡಾಗ ಎಲ್ಲರೂ ಕಲ್ಲಿನ ಬದಿಗೆ ವಾಲಬೇಕು. ಭಯದಿಂದ ಆಚೆ ಬದಿಗೆ ಸರಿದರೆ, ಏರಿ ಬರುವ ನೀರು ಆ ಅಂಚಿಗೆ ನುಗ್ಗಿ ದೋಣಿಯನ್ನು ಮಗುಚುತ್ತದೆ. ಗೈಡ್ ಅಣ್ಣ "ಕಲ್ಲಿಗೆ! ಕಲ್ಲಿಗೆ!" ಎಂದು ಕೂಗಿದರು. ಆರು ಮಂದಿ ವಾಲಿದೆವು. ಡಿಗ್ರಿ ಎರಡನೇ ವರ್ಷದ ಒಬ್ಬ ಹುಡುಗ ಆಚೆ ಬದಿಗೆ ಹೋಗಿ ನೀರಿಗೆ ಬಿದ್ದ.

ತೊಡೆ ಮಟ್ಟದ ನೀರು. ಯಾರಿಗೂ ಹೆದರಿಕೆ ಆಗಲಿಲ್ಲ, ನಾವು ನಗುತ್ತಲೇ ಇದ್ದೆವು. ಅವನು ಎಲ್ಲರೂ ಮಾಡುವುದನ್ನೇ ಮಾಡಿದ, ಎದ್ದು ನಿಂತ. ಬಲಗಾಲು ಎರಡು ಕಲ್ಲಿನ ನಡುವೆ ಇಳಿಯಿತು. ಹಿಂದಿನಿಂದ ನೀರು ತಳ್ಳಿತು. ಕಾಲು ಅಲ್ಲೇ, ಮೈ ಮುಂದೆ. ಅವನ ಮುಖ ನೀರಿಗೆ ಹೋಯಿತು, ಎದ್ದಿತು, ಮತ್ತೆ ಹೋಯಿತು. ಆಗ ನಮ್ಮ ನಗು ನಿಂತಿತು.

ಗೈಡ್ ಅಣ್ಣ ಮೇಲಿನ ಬಂಡೆಯಿಂದ ಇಳಿದು, ಹಿಂದಿನಿಂದ ಅವನ ಜಾಕೆಟನ್ನು ಹೆಗಲಲ್ಲಿ ಹಿಡಿದು ನೀರಿನ ಎದುರಿಗೆ ಎಳೆದರು. ಮತ್ತೊಂದು ದೋಣಿಯ ಗೈಡ್ ಅವನ ಎದೆಗೆ ಆನಿಕೆ ಸಿಗುವ ಹಾಗೆ ಹಗ್ಗ ಅಡ್ಡ ಕೊಟ್ಟರು. ಕಾಲು ಹೋದ ದಾರಿಯಲ್ಲೇ ಹಿಂದೆ ಬರಬೇಕು, ಮುಂದಕ್ಕೆ ಎಳೆದರೆ ಮೂಳೆ ಮುರಿಯುತ್ತದೆ ಎಂದು ಆಮೇಲೆ ಹೇಳಿದರು. ಶೂ ಕಲ್ಲಿನ ನಡುವೆ ಉಳಿಯಿತು, ಕಾಲು ಬಂತು. ಎಲ್ಲ ಸೇರಿ ಒಂದು ನಿಮಿಷ ಆಗಿರಬಹುದು. ಆ ನಿಮಿಷದಲ್ಲಿ ನಾವು ಆರು ಮಂದಿ, ಹತ್ತು ಅಡಿ ದೂರದಲ್ಲಿ, ಏನೂ ಮಾಡಲಾಗದೆ ಕೂತಿದ್ದೆವು.

ಬಿಎಸ್ಸಿ ಓದುವಾಗ ಲೆಕ್ಕ ಮಾಡಿದ್ದೆವು, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೆವು: ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ನಾವು ನಡೆಯುವ ವೇಗದಲ್ಲಿ, ಸೆಕೆಂಡಿಗೆ ಒಂದು ಮೀಟರ್ ಹರಿಯುವ ನೀರು ಅಡ್ಡ ನಿಂತ ಮನುಷ್ಯನ ಮೇಲೆ ಅಂದಾಜು 25 ಕಿಲೋ ಭಾರದಷ್ಟು ಒತ್ತುತ್ತದೆ. ಎರಡು ಮೀಟರ್ ಆದರೆ 100 ಕಿಲೋ. ಮೂರು ಮೀಟರ್ ಆದರೆ 200 ದಾಟುತ್ತದೆ. ಮನುಷ್ಯ ತಳ್ಳಿದರೆ ಸ್ವಲ್ಪ ಹೊತ್ತಿಗೆ ಸುಸ್ತಾಗಿ ಬಿಡುತ್ತಾನೆ. ನೀರು ಬಿಡುವುದಿಲ್ಲ. ತೊಡೆ ಮಟ್ಟದ ನೀರು ಸಾಕು, ಕಾಲು ಸಿಕ್ಕಿಕೊಂಡಿದ್ದರೆ.

ಈಗ ಮುಚ್ಚಿಟ್ಟ ವಿಷಯ. ಅವನ ಕಾಲಿನ ಗಂಟು ಬಾತುಕೊಂಡಿತ್ತು. ದಾರಿಯಲ್ಲಿ ಡಾಕ್ಟರರಿಗೆ ತೋರಿಸಿ, ಪಟ್ಟಿ ಕಟ್ಟಿಸಿ ರಾತ್ರಿ ಮನೆಗೆ ಬಿಟ್ಟೆವು. ಬಾಗಿಲಲ್ಲಿ ನಿಂತ ಅವನ ಅಮ್ಮನಿಗೆ "ಹೋಟೆಲಿನ ಮೆಟ್ಟಿಲಲ್ಲಿ ಜಾರಿದ ಆಂಟಿ, ಸಣ್ಣ ಉಳುಕು" ಎಂದು ಹೇಳಿದೆವು. ಅವನೂ ಹೂಂ ಅಂದ. ನಿಜ ಹೇಳಿದರೆ ಇನ್ನು ಯಾವ ಮನೆಯವರೂ ಮಕ್ಕಳನ್ನು ನಮ್ಮ ಜೊತೆ ಕಳಿಸುವುದಿಲ್ಲ ಎಂಬ ಭಯ. ಅವರು ನಮಗೆ ಚಹಾ ಮಾಡಿ ಕೊಟ್ಟರು. "ನೀವು ಇದ್ದಿರಲ್ಲ, ಅದೇ ಸಮಾಧಾನ" ಅಂದರು. ಆ ಚಹಾ ಕುಡಿದು ಮುಗಿಸುವುದು ನಮಗೆ ಕಷ್ಟವಾಯಿತು.

ಮೂರನೇ ಸಲ: ಏರುವ ನೀರು

ಕಳೆದ ಆಗಸ್ಟಿಗೆ ಬರೋಣ. ನಾವು ತಲುಪುವಾಗ ಹೆಬ್ರಿಯಲ್ಲಿ ಸಣ್ಣ ಹನಿ, ಒಮ್ಮೆ ಬಿಸಿಲೂ ಬಂತು. ಘಟ್ಟದ ಕಡೆ ಮಾತ್ರ ಆಕಾಶ ಕಪ್ಪು. ಹೊಳೆ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿ, ಸದ್ದೇ ಬೇರೆಯಾಗಿತ್ತು. ಮೊದಲ ವರ್ಷ ಹೊಳೆಯ ಸದ್ದು ಜುಳುಜುಳು ಎಂದು ಒಂದೊಂದು ಕಡೆಯಿಂದ ಕೇಳುತ್ತಿತ್ತು. ಈಗ ಎಲ್ಲ ಕಡೆಯಿಂದ ಒಂದೇ ಗುಂಗು.

ಗೈಡ್ ಅಣ್ಣ ಸಂಕದ ಕಂಬದ ಹತ್ತಿರ ನಿಂತಿದ್ದರು. ಕಂಬದಲ್ಲಿ ಪೈಂಟಿನ ಗೆರೆ ಇದೆ. ಅದಕ್ಕಿಂತ ಮೇಲೆ ನೀರಿದ್ದರೆ ಅವರು ಯಾರನ್ನೂ ಇಳಿಸುವುದಿಲ್ಲ. ಅವರು ನಮ್ಮನ್ನು ಕರೆದು ಹೇಳಿದರು: "ಗೆರೆಯಿಂದ ನಾಲ್ಕು ಬೆರಳು ಕೆಳಗೆ ಉಂಟು. ಏರ್ತಾ ಉಂಟು. ಹೊಸಬರನ್ನು ಬಿಡುದಿಲ್ಲ. ಮೊದಲು ಮಾಡಿದವರು, ಈಜು ಬರುವವರು ಎಂಟು ಜನ ಇದ್ದರೆ ಈಗಲೇ ಹೊರಟರೆ ಒಂದು ದೋಣಿ ಹೋಗಬಹುದು. ಬೇಡ ಅಂದರೂ ಸರಿ. ನೀವೇ ಹೇಳಿ."

ಏರಿದ ನೀರಿನಲ್ಲಿ ಏನು ಬದಲಾಗುತ್ತದೆ ಎಂದು ಕೇಳಿದೆವು. ಬಂಡೆಗಳ ಹಿಂದಿನ ಮಂದ ನೀರು ಇರುವುದಿಲ್ಲ, ಉಸಿರು ತೆಗೆಯಲು ನಿಲ್ಲುವ ಜಾಗ ಇಲ್ಲ ಎಂದರು. ಬಿದ್ದವನು ಒಂದು ರಭಸದಿಂದ ಮುಂದಿನದಕ್ಕೆ, ಅದರಿಂದ ಮತ್ತೊಂದಕ್ಕೆ ಹೋಗುತ್ತಲೇ ಇರುತ್ತಾನೆ. ಮುಳುಗಿದ ದೊಡ್ಡ ಬಂಡೆಯ ಮೇಲಿಂದ ಧುಮುಕುವ ನೀರು ಅಡಿಯಿಂದ ತಿರುಗಿ ಮತ್ತೆ ಬಂಡೆಯ ಕಡೆಗೇ ಬರುತ್ತದೆ. ಅದಕ್ಕೆ ಅವರು 'ಹೋಲ್' ಎನ್ನುತ್ತಾರೆ. ಅದರೊಳಗೆ ಬಿದ್ದ ಮರದ ತುಂಡು ಗಂಟೆಗಟ್ಟಲೆ ಅಲ್ಲೇ ಉರುಳುವುದನ್ನು ನೋಡಿದ್ದಾರಂತೆ. ಹೊಳೆ ದಡ ಮೀರಿ ತೋಟದ ಅಂಚಿಗೆ ಬಂದಾಗ ಮರದ ಕೊಂಬೆಗಳು ನೀರಿನೊಳಗೆ ಇರುತ್ತವೆ. ತೆಂಗಿನ ಹಾಲು ಸೋಸುವ ಬಟ್ಟೆಯ ಹಾಗೆ ಅವು. ನೀರು ದಾಟಿ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ.

ಈಜು ಬರುವ, ಮೊದಲು ಮಾಡಿದ ಎಂಟು ಮಂದಿ ನಮ್ಮಲ್ಲಿ ಸರಿಯಾಗಿ ಇದ್ದರು. ನಾಲ್ವರು ನಾವೇ, ಮುಂದಾಳುಗಳು. ನಿಜ ಹೇಳಬೇಕಾದರೆ ನಮಗೆ ಹೋಗಬೇಕಿತ್ತು. ಹದಿನಾಲ್ಕು ಮಂದಿ ದಡದಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುವಾಗ ಆ ತೆರೆಯಲ್ಲಿ ಹೋಗುವ ಆಸೆ ಇತ್ತು. ಬಸ್ಸಿನ ಬಾಡಿಗೆಯ ನೆನಪಿತ್ತು. "ಎಂಟು ಜನ ಆದರೂ ಹೋಗಿ ಬಂದರೆ ಹೋದ ಹಾಗಾಯ್ತು" ಎಂದು ಒಬ್ಬರು. "ಹೋದ ಸಲ ನೀರೇ ಇರಲಿಲ್ಲ, ಈ ಸಲ ನೀರು ಹೆಚ್ಚಾಯ್ತು ಅಂತ ಬಿಡುದಾ? ಮತ್ತೆ ಯಾವಾಗ ಇಳಿಯುದು?" ಎಂದು ಮತ್ತೊಬ್ಬರು. ಜಾಕೆಟುಗಳ ರಾಶಿಯ ಕಡೆಗೆ ಇಬ್ಬರು ನಡೆದೂ ಆಗಿತ್ತು.

ಆಗ ಕಾಲು ಸಿಕ್ಕಿಕೊಂಡಿದ್ದ ಹುಡುಗ ಮಾತಾಡಿದ. ಎಂಟರಲ್ಲಿ ಅವನೂ ಒಬ್ಬ. "ನನಗೆ ಹೋಗಬೇಕು ಅಂತ ಉಂಟು" ಅಂದ. "ಆದರೆ ಏನಾದರೂ ಆದರೆ ಅಮ್ಮನಿಗೆ ಈ ಸಲ ಯಾವ ಮೆಟ್ಟಿಲು ಹೇಳುದು?"

ಯಾರೂ ಉತ್ತರ ಕೊಡಲಿಲ್ಲ. ಗೈಡ್ ಅಣ್ಣನಿಗೆ ಮೆಟ್ಟಿಲಿನ ವಿಷಯ ಗೊತ್ತಿಲ್ಲ, ಅವರು ನಮ್ಮ ಮುಖ ನೋಡಿದರು. ನಾವು "ಬೇಡ ಅಣ್ಣ" ಅಂದೆವು.

ಸಣ್ಣವರು ತುಂಬ ಬೇಸರ ಮಾಡಿದರು. ಹತ್ತನೇ ತರಗತಿ ಮುಗಿಸಿ ಮೊದಲ ಸಲ ನಮ್ಮ ಜೊತೆ ಬಂದ ಹುಡುಗಿಯೊಬ್ಬಳ ಕಣ್ಣಲ್ಲಿ ನೀರು. ಅಡ್ವಾನ್ಸ್ ಹಣ ಮುಂದಿನ ಸಲಕ್ಕೆ ಬರೆದುಕೊಂಡರು. ಹೆಬ್ರಿಯಲ್ಲಿ ಬನ್ಸ್, ಚಹಾ ಮುಗಿಸಿ ಬಸ್ಸು ಹತ್ತಿದೆವು. ಹಿಂದಿನ ಸೀಟಿನಿಂದ ಹಾಡು ಕೇಳಲಿಲ್ಲ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ನಾವು ಹೊರಡುವಾಗ ನೀರು ಗೆರೆಗಿಂತ ಎರಡು ಬೆರಳು ಕೆಳಗೇ ಇತ್ತು. ಇಳಿದಿದ್ದರೆ ಎಂಟು ಮಂದಿಯೂ ನಗುತ್ತಾ ಮೇಲೆ ಬರುತ್ತಿದ್ದರೋ ಏನೋ. ನಮ್ಮ ತೀರ್ಮಾನ ಸರಿ ಎಂದು ಹೊಳೆ ಸಾಕ್ಷಿ ಹೇಳಲಿಲ್ಲ. ಹಿಂದೆ ಬಂದವನಿಗೆ ಅಂಥ ಸಾಕ್ಷಿ ಸಿಗುವುದೂ ಇಲ್ಲ. ಹಾಗಾಗಿಯೇ ಭಾನುವಾರ ನಿಮ್ಮ ಪ್ರಶ್ನೆಗೆ ತಲೆ ತಗ್ಗಿಸಿದ್ದು.

ಆ ಸಂಜೆ ನಾವು ನಾಲ್ವರೂ ಅವನ ಮನೆಗೆ ಹೋದೆವು. ಅವನೂ ಜೊತೆಗಿದ್ದ. ಒಂದು ವರ್ಷದ ಹಿಂದಿನ ನಿಜವನ್ನು ಅವನ ಅಮ್ಮನಿಗೆ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಮೆಟ್ಟಿಲಲ್ಲಿ ಬಿದ್ದವನ ಒಂದು ಶೂ ಯಾಕೆ ಇಲ್ಲ ಅಂತ ಅವತ್ತೇ ಯೋಚಿಸಿದ್ದೆ" ಅಂದರು. ಬೈಯಲಿಲ್ಲ. ಚಹಾ ಕೊಡಲಿಲ್ಲ. ಕ್ಷಮಿಸಿದ್ದಾರೆಂದು ನಾವು ಹೇಳಿಕೊಳ್ಳುವುದಿಲ್ಲ. ಈ ಬರಹವನ್ನು ಮೊದಲು ಓದಿದವರು ಅವರೇ. "ಹಾಕಿ, ಬೇರೆ ಅಮ್ಮಂದಿರೂ ಓದಲಿ" ಎಂದರು.

ನಮ್ಮ ಕಡವಿನ ಮೆಟ್ಟಿಲು

ಗುರ್ಕಾರರೇ, ನಿಮ್ಮ ಪ್ರಶ್ನೆಗೆ ಉತ್ತರ ಇದು. ಅದೇ ಹೊಳೆ, ಅದೇ ಜಾಗ. ಆದರೆ ಮೂರು ಸಲ ಮೂರು ನೀರು. ಹಿಂದಿನ ಸಲದ ಧೈರ್ಯ ಈ ಸಲದ ನೀರಿಗೆ ಆಗುವುದಿಲ್ಲ. ಹೆಚ್ಚು ನೀರನ್ನು ನೋಡಿ ಎಲ್ಲರೂ ಹೆದರುತ್ತಾರೆ, ಕಡಿಮೆ ನೀರನ್ನು ನೋಡಿ ಯಾರೂ ಹೆದರುವುದಿಲ್ಲ. ನಮ್ಮ ಹುಡುಗನನ್ನು ಹಿಡಿದದ್ದು ಕಡಿಮೆ ನೀರು.

ಇದು ಸೀತೆಯ ಮಾತು ಮಾತ್ರ ಅಲ್ಲ. ಉಪ್ಪಳ, ಶಿರಿಯಾ, ಮೊಗ್ರಾಲ್, ಚಂದ್ರಗಿರಿ ಎಂದು ನಮ್ಮ ಸುತ್ತ ಹೊಳೆಗಳೇ. ಮಳೆಗಾಲದಲ್ಲಿ ಹೊಳೆಗೆ ಸ್ನಾನಕ್ಕೆ ಹೋದ ಹುಡುಗರ ಸುದ್ದಿ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಅಲ್ಲಿ ಗೈಡ್ ಇಲ್ಲ, ಜಾಕೆಟ್ ಇಲ್ಲ, ಹಗ್ಗ ಇಲ್ಲ. ಇರುವುದು "ನಿನ್ನೆಯೂ ಇಳಿದಿದ್ದೆವು" ಎಂಬ ಮಾತು ಮಾತ್ರ.

ಸೆಪ್ಟೆಂಬರಿನಲ್ಲಿ ನಾವು ನಮ್ಮ ಹಳೆಯ ಕಡವಿಗೆ ಹೋದೆವು. ದೋಣಿ ನಿಂತು ವರ್ಷಗಳಾದವು, ಕೆಂಪು ಕಲ್ಲಿನ ಹನ್ನೊಂದು ಮೆಟ್ಟಿಲು ಉಳಿದಿವೆ. ಹಿಂದೆ ಅಲ್ಲಿ ದೋಣಿ ನಡೆಸುತ್ತಿದ್ದ ಅಜ್ಜನನ್ನು ಕರೆದುಕೊಂಡು ಹೋಗಿ ಕೇಳಿದೆವು. "ಮೇಲಿಂದ ಆರನೇ ಮೆಟ್ಟಿಲು ಮುಳುಗಿದರೆ ನಾನು ದೋಣಿ ಬಿಚ್ಚುತ್ತಿರಲಿಲ್ಲ, ಯಾರು ಕರೆದರೂ" ಎಂದರು. ಆ ಮೆಟ್ಟಿಲಿನ ಅಂಚಿಗೆ ಬಿಳಿ ಪೈಂಟ್ ಹಚ್ಚಿದೆವು. ಭಾನುವಾರ ಕ್ಯಾಟಿಕಿಸಂ ತರಗತಿಯ ಮಕ್ಕಳಿಗೆ ತೋರಿಸಿದೆವು. ಗೆರೆ ಕಾಣದಿದ್ದರೆ ಇಳಿಯಬಾರದು. ಗೆರೆ ಕಂಡರೂ ದೊಡ್ಡವರಿಲ್ಲದೆ ಇಳಿಯಬಾರದು. ಹರಿಯುವ ನೀರಿನಲ್ಲಿ ಬಿದ್ದರೆ ಎದ್ದು ನಿಲ್ಲಬಾರದು, ಕಾಲು ಮುಂದೆ ಮಾಡಿ ಅಂಗಾತ ತೇಲಬೇಕು. ಒಬ್ಬ ಬಿದ್ದರೆ ಇನ್ನೊಬ್ಬ ಹಿಂದೆ ಹಾರಬಾರದು. ಹಗ್ಗ, ಬಿದಿರು, ಲುಂಗಿ, ಏನು ಸಿಗುತ್ತದೋ ಅದನ್ನು ಎಸೆಯಬೇಕು.

ಮಕ್ಕಳಿಗೆ ಇದನ್ನೆಲ್ಲ ಹೇಳಿಕೊಟ್ಟದ್ದು ಆ ಹುಡುಗನೇ. ಶಾಲೆಯ ವರಾಂಡದಲ್ಲಿ ಅಂಗಾತ ಮಲಗಿ, ಕಾಲು ಎತ್ತಿ ತೋರಿಸಿದ. ಮಕ್ಕಳು ನಕ್ಕರು. ಅವನು ಎದ್ದು ಕೂತು ಬಲಗಾಲಿನ ಗಂಟಿನ ಮೇಲಿದ್ದ ಕಲೆ ತೋರಿಸಿದ. ನಗು ನಿಂತಿತು.

ಈ ವರ್ಷವೂ ಸೀತೆಗೆ ಹೋಗುತ್ತೇವೆ, ಬರೆದಿಟ್ಟ ಅಡ್ವಾನ್ಸ್ ಇನ್ನೂ ಇದೆ. ಪತ್ರೊಡೆಯೂ ಮಾರುತ್ತೇವೆ, ದಯವಿಟ್ಟು ಕೊಳ್ಳಿ. ಇಳಿದು ಬರುತ್ತೇವೋ ಇಳಿಯದೆ ಬರುತ್ತೇವೋ, ಅದನ್ನು ಸಂಕದ ಕಂಬದ ಹತ್ತಿರ ನಿಂತು ನೋಡಿ ಹೇಳುತ್ತೇವೆ. ಏನಾದರೂ ಆದರೆ ಆದದ್ದನ್ನೇ ಹೇಳುತ್ತೇವೆ.